ಬೈಲಕುಪ್ಪೆಯ ಟಿಬೆಟ್ಟು ವಸತಿಗಳೂ ಅವುಗಳ ಸಂದರ್ಶನಪದ್ಧತಿಯೂ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರು ಸಾಗಿದ ಮೇಲೆ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವುದಕ್ಕೆ ಮುಂಚೆ, ಎಡಗಡೆಗೆ ಒಂದು ದಾರಿ ಒಡೆಯುತ್ತದೆ. ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ ಬೈಲಕುಪ್ಪೆಯ ಟಿಬೆಟ್ಟು ವಸತಿಗಳು ಇರುವುದು ಈ ದಾರಿಯಲ್ಲಿ. ಪ್ರವಾಸಿಗಳನ್ನು ಹೊತ್ತ ವಾಹನಗಳು ದಿನವೂ ಇಲ್ಲಿಗೆ ಬರುತ್ತವೆ. ಮಾರ್ಗದರ್ಶಕನು ಅವರನ್ನು ನೇರವಾಗಿ ನಾಮ್‌ಡ್ರೋಲಿಂಗ್ ವಿಹಾರದ ಚಿನ್ನದ ದೇವಾಲಯಕ್ಕೆ ಕರೆದುಕೊಂಡು ಹೋಗಿ, ನಡುವೆ ಕುಳಿತಿರುವ 60 ಅಡಿಯ ಶಾಕ್ಯಮುನಿಯನ್ನೂ ಇಕ್ಕೆಲಗಳಲ್ಲಿರುವ ಪದ್ಮಸಂಭವ, ಅಮಿತಾಯುಗಳ ವಿಗ್ರಹಗಳನ್ನೂ ತೋರಿಸಿ, ನಿಜಲಿಂಗಪ್ಪನವರು ಇವರಿಗೆ ಭೂಮಿಯನ್ನು ಕೊಟ್ಟರೆಂದು ಎರಡು ಮಾತು ಹೇಳಿ, ಎದುರಿನ ಅಂಗಡಿಸಾಲಿನಲ್ಲಿ ಬಿಡುತ್ತಾನೆ. ಇಷ್ಟಕ್ಕೆ ಸಂದರ್ಶನವು ಮುಗಿಯುತ್ತದೆ. ಹೋಗುವಾಗಲೂ ಬರುವಾಗಲೂ ದಾರಿಯ ಎರಡು ಕಡೆಗಳಲ್ಲಿ ಹರಡಿಕೊಂಡಿರುವ ಮುಸುಕಿನ ಜೋಳದ ಹೊಲಗಳನ್ನು ಕುರಿತು ಯಾರೂ ಏನನ್ನೂ ಹೇಳುವುದಿಲ್ಲ. ಆದರೆ ಈ ಜನರು ಇಲ್ಲಿಗೆ ಬಂದುದು ದೇವಾಲಯವನ್ನು ಕಟ್ಟುವುದಕ್ಕಾಗಿ ಅಲ್ಲ, ಬೇಸಾಯವನ್ನು ಮಾಡುವುದಕ್ಕಾಗಿ. ದೇವಾಲಯವು ಹೊಲದ ಹಿಂದೆ ಬಂದಿತು, ಮುಂದೆ ಬರಲಿಲ್ಲ.

1959ರ ಮಾರ್ಚಿಯಲ್ಲಿ ಲ್ಹಾಸಾ ನಗರದಲ್ಲಿ ಚೀನೀಯರ ವಿರುದ್ಧವಾಗಿ ದಂಗೆಯೆದ್ದಿತು. ಹದಿನಾಲ್ಕನೆಯ ದಲಾಯಿ ಲಾಮಾ ಅವರು ಆ ತಿಂಗಳ 17ರಂದು ರಾಜಧಾನಿಯನ್ನು ಬಿಟ್ಟು, 31ರಂದು ಭಾರತದ ಗಡಿಯನ್ನು ದಾಟಿದರು. ಅವರ ಹಿಂದೆಯೇ ಸಾವಿರಾರು ಮಂದಿ ಹೊರಟು ಬಂದರು. ಇವರನ್ನು ಮೊದಲು ಅಸ್ಸಾಮಿನ ಮಿಸ್ಸಾಮಾರಿ, ಬಂಗಾಳದ ಬಕ್ಸಾ ಎಂಬ ಶಿಬಿರಗಳಲ್ಲಿ ಇರಿಸಲಾಯಿತು. ಬಳಿಕ ಅನೇಕರನ್ನು ಹಿಮಾಲಯದ ತಪ್ಪಲಿನ ರಸ್ತೆಕೆಲಸಗಳಿಗೆ ಕಳುಹಿಸಿದರು. ಎತ್ತರದ ತಣ್ಣನೆಯ ಹವೆಗೆ ಒಗ್ಗಿದ ಆ ಜನರಲ್ಲಿ ಬಹು ಮಂದಿ ಬಯಲಿನ ಸೆಕೆಯಿಂದಲೂ ರೋಗರುಜಿನಗಳಿಂದಲೂ ಅಳಿದುಹೋದರು. ಚದರಿಹೋಗುತ್ತಿದ್ದ ಜನಾಂಗವನ್ನು ಒಂದು ಕಡೆ ನೆಲೆಗೊಳಿಸದಿದ್ದರೆ ಅದರ ಭಾಷೆಯೂ ಧರ್ಮವೂ ಉಳಿಯಲಾರವೆಂಬ ಅಭಿಪ್ರಾಯವು ದಲಾಯಿ ಲಾಮಾ ಅವರಿಗೂ ಪ್ರಧಾನಿ ಜವಾಹರಲಾಲ ನೆಹರೂ ಅವರಿಗೂ ಸಮಾನವಾಗಿದ್ದಿತು. ಭೂಮಿಯನ್ನು ಕೊಡುವುದಕ್ಕೆ ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರು ಅಗ್ರಗಣ್ಯವಾದುದು. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕಾಡು ಇದಕ್ಕಾಗಿ ಗೊತ್ತಾಯಿತು. 1960ರ ಡಿಸೆಂಬರಿನಲ್ಲಿ ಮೊದಲನೆಯ ತಂಡವು ಬಂದಿಳಿಯಿತು. ಈ ವಸತಿಗೆ ಲುಗ್ಸುಂಗ್ ಸಂದುಪ್ಲಿಂಗ್ ಎಂದು ಹೆಸರಾಯಿತು.

ಬಂದವರ ಸ್ಥಿತಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಲ್ಹಾಸಾ ನಗರವು ಸಮುದ್ರಮಟ್ಟಕ್ಕೆ ಸುಮಾರು 12,000 ಅಡಿ ಎತ್ತರದಲ್ಲಿದೆ. ಬೈಲಕುಪ್ಪೆಯ ಸೀಮೆಯು 2,700 ಅಡಿಯ ಆಸುಪಾಸಿನಲ್ಲಿದೆ. ಅಲ್ಲಿಯ ಮುಖ್ಯ ಬೆಳೆ ಬಾರ್ಲಿ. ಅದನ್ನು ಹುರಿದು ಬೀಸಿದ ಹಿಟ್ಟೇ, ಎಂದರೆ ತ್ಸಂಪಾ ಎಂಬುದೇ, ಅವರ ಅನ್ನ. ಬಂದವರಲ್ಲಿ ಒಕ್ಕಲಿಗರು ಇದ್ದಂತೆ ಚಮರೀಮೃಗಗಳನ್ನು ಮೇಯಿಸಿಕೊಂಡು ಅಲೆಯುತ್ತಿದ್ದವರೂ ವ್ಯಾಪಾರಿಗಳೂ ಭಿಕ್ಷುಗಳೂ ಇದ್ದರು. ಮುಂಗಾರಿನ ಹದ, ಕೆಮ್ಮಣ್ಣಿನ ಗುಣ, ರಾಗಿಯ ಪೈರು ಇವು ಯಾವುವನ್ನೂ ಅರಿಯದ ಇವರ ಕೈಗೆ ಕೊಡಲಿ ಗುದ್ದಲಿಗಳನ್ನು ಕೊಡಲಾಯಿತು. ಮೊದಮೊದಲು ಡೇರೆಗಳಲ್ಲಿಯೂ ಬಿದಿರಿನ ಗುಡಿಸಿಲುಗಳಲ್ಲಿಯೂ ವಾಸಿಸುತ್ತ, ಮರಗಳನ್ನು ಉರುಳಿಸಿ ಪೊದೆಗಳನ್ನು ಸುಟ್ಟರು. ಕಾಡಾನೆಗಳ ಕಾಟವು ಬಹಳವಾಗಿದ್ದಿತು. ಇದಕ್ಕಿಂತಲೂ ಹೆಚ್ಚಿನ ಸಂಕಟವೊಂದು ಅವರ ಮನಸ್ಸಿನಲ್ಲಿದ್ದುದನ್ನು ಗಮನಿಸಬೇಕು: ಕಾಡಿಗೆ ಬೆಂಕಿಯಿಟ್ಟಾಗ ಹಕ್ಕಿಗಳೂ ಕ್ರಿಮಿಕೀಟಗಳೂ ಸಾಯುವುದು ಪ್ರಾಣಿಹಿಂಸೆಗೆ ಅಂಜುವ ಬೌದ್ಧರಿಗೆ ಸಹಿಸಲಾಗದ ವಿಷಯವಾಗಿದ್ದಿತು. ಕಾಡು ಕಡಿದು ಊರು ಕಟ್ಟಿದ ಸಂಗತಿಗಳು ನಮ್ಮ ನಾಡಿನ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತವೆ. ಆದರೆ ಕಡಿದವರ ಪಾಪಭೀತಿಯು ಅಲ್ಲಿ ದಾಖಲೆಯಾಗುವುದು ಅಪರೂಪ. ಇಲ್ಲಿ ಅದು ಜನರ ನೆನಪಿನಲ್ಲಿ ಉಳಿದಿದೆ. ಆ ನೆನಪನ್ನು ಹೊತ್ತ ಮೊದಲ ತಲೆಮಾರಿನ ವೃದ್ಧರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ.

ಇನ್ನು ಭೂಮಿಯನ್ನು ಕೊಟ್ಟವರು ಯಾರೆಂಬ ಪ್ರಶ್ನೆ. ಮಾರ್ಗದರ್ಶಕರೂ ಪ್ರವಾಸಿ ಕೈಪಿಡಿಗಳೂ ಇದನ್ನು ಎಸ್. ನಿಜಲಿಂಗಪ್ಪನವರ ಹೆಸರಿಗೆ ಬರೆದಿರುತ್ತವೆ. ದಲಾಯಿ ಲಾಮಾ ಅವರೂ ಅನೇಕ ಸಂದರ್ಭಗಳಲ್ಲಿ ನಿಜಲಿಂಗಪ್ಪನವರನ್ನು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಆದರೆ ಕಾಲಗಣನೆಯು ಇಲ್ಲಿ ಒಂದು ತೊಡಕನ್ನು ಒಡ್ಡುತ್ತದೆ. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದುದು 1956ರಿಂದ 1958ರ ವರೆಗೆ, ಮತ್ತು 1962ರಿಂದ 1968ರ ವರೆಗೆ. ನಡುವಣ ಅವಧಿಯಲ್ಲಿ, ಎಂದರೆ 1958ರ ಮೇ ತಿಂಗಳಿನಿಂದ 1962ರ ಮಾರ್ಚಿಯವರೆಗೆ, ಆ ಪದವಿಯಲ್ಲಿದ್ದವರು ಬಿ. ಡಿ. ಜತ್ತಿಯವರು. ನಿರಾಶ್ರಿತರು ಭಾರತಕ್ಕೆ ಬಂದುದೂ ಬೈಲಕುಪ್ಪೆಗೆ ಮೊದಲ ತಂಡವು ಇಳಿದುದೂ ಜತ್ತಿಯವರ ಕಾಲದಲ್ಲಿಯೇ. ಹಾಗೆಂದು ಜನರ ನೆನಪು ಸುಳ್ಳೆನ್ನುವುದು ಅವಸರದ ಮಾತಾದೀತು. ಗುಡಿಸಿಲುಗಳು ಊರುಗಳಾದುದೂ, 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಮತ್ತೊಂದು ದೊಡ್ಡ ವಸತಿ ಆರಂಭವಾದುದೂ ನಿಜಲಿಂಗಪ್ಪನವರ ಎರಡನೆಯ ಆಡಳಿತಾವಧಿಯಲ್ಲಿ. ಕಷ್ಟದ ವರ್ಷಗಳಲ್ಲಿ ಬೆಂಬಲವಾಗಿ ನಿಂತವರ ಹೆಸರು ಮೊದಲ ಆಜ್ಞೆಯ ಕಾಲಕ್ಕೂ ಹಿಂದಕ್ಕೆ ಸರಿದು ಸೇರಿಕೊಳ್ಳುವುದು ಐತಿಹ್ಯಗಳ ಸ್ವಭಾವವೇ ಆಗಿದೆ. ಆದರೂ ಜತ್ತಿಯವರ ಹೆಸರು ಪ್ರವಾಸಿಯ ಕಿವಿಗೆ ಒಮ್ಮೆಯಾದರೂ ಬೀಳದಿರುವುದು ನ್ಯಾಯವಲ್ಲ.

ಮೊದಲ ವರ್ಷಗಳ ಬೆಳೆಗಳು ಕೈಗೆ ಹತ್ತಲಿಲ್ಲ. ಅನೇಕ ಪ್ರಯೋಗಗಳಾದ ಮೇಲೆ ಮುಸುಕಿನ ಜೋಳವು ಈ ನೆಲಕ್ಕೂ ಈ ಜನಕ್ಕೂ ಹೊಂದಿಕೊಂಡಿತು. ಭೂಮಿಯನ್ನು ತಲೆಗೆ ಒಂದು ಎಕರೆಯಂತೆ ಹಂಚಲಾಯಿತು. ಸ್ವಿಟ್ಜರ್ಲೆಂಡಿನ ನೆರವಿನಿಂದ ಬೇಸಾಯದ ಶಿಕ್ಷಣವೂ ಯಂತ್ರಗಳೂ ದೊರೆತವು. 1968ರಲ್ಲಿ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆಯು, ಎಂದರೆ ಇಂದು ಮೈರಾಡ ಎಂದು ಪ್ರಸಿದ್ಧವಾಗಿರುವುದು, ಟಿಬೆಟ್ಟಿನವರ ನೆಲೆಯೂರಿಕೆಗಾಗಿಯೇ ಹುಟ್ಟಿತು. ಸಹಕಾರ ಸಂಘವು ಬೀಜಗೊಬ್ಬರಗಳನ್ನು ಒದಗಿಸಿ, ಟ್ರಾಕ್ಟರುಗಳನ್ನು ನಡೆಸಿ, ಜೋಳವನ್ನು ಮಾರಿ ಲೆಕ್ಕವಿಡುವ ಕೇಂದ್ರವಾಯಿತು. 1969ರಲ್ಲಿ ಡಿಕಿ ಲಾರ್ಸೋ ಎಂಬ ಎರಡನೆಯ ವಸತಿ ಬೈಲಕುಪ್ಪೆಯಲ್ಲಿಯೇ ಏರ್ಪಟ್ಟಿತು. 1970ರ ದಶಕದಲ್ಲಿ ಹುಣಸೂರು, ಕೊಳ್ಳೇಗಾಲಗಳ ಸೀಮೆಗಳಲ್ಲಿಯೂ ವಸತಿಗಳಾದವು. ಮಾನವಶಾಸ್ತ್ರಜ್ಞರಾದ ಮೆಲ್ವಿನ್ ಗೋಲ್ಡ್‌ಸ್ಟೀನರು ದಕ್ಷಿಣಭಾರತದ ಟಿಬೆಟ್ಟಿನವರನ್ನು ಕುರಿತು 1978ರಲ್ಲಿ ಪ್ರಕಟಿಸಿದ ಲೇಖನವು ಈ ಬೆಳವಣಿಗೆಯನ್ನು ಅರಿಯುವುದಕ್ಕೆ ಇಂದಿಗೂ ಅವಶ್ಯವಾದುದು. ನಿರಾಶ್ರಿತರನ್ನು ಸುತ್ತಣ ಸಮಾಜದಲ್ಲಿ ಕರಗಿಸಬೇಕೆಂದು ಬಲವಂತಪಡಿಸದೆ, ತಮ್ಮ ಆಡಳಿತವನ್ನು ತಾವೇ ನಡೆಸಿಕೊಳ್ಳಲು ಭಾರತ ಸರ್ಕಾರವು ಅವಕಾಶವಿತ್ತುದು ವಸತಿಗಳ ಯಶಸ್ಸಿಗೆ ದೊಡ್ಡ ಕಾರಣವೆಂಬುದು ಅವರ ವಿಚಾರದ ತಿರುಳು. ಇದನ್ನು ಒಪ್ಪಬಹುದು. ಆದರೆ ನೆರೆಯ ಹಳ್ಳಿಗಳ ಭೂಮಿಯಿಲ್ಲದ ಕನ್ನಡಿಗರು ಈ ಹೊಲಗಳಲ್ಲಿ ಕೂಲಿಯಾಗಿ ದುಡಿದುದನ್ನೂ, ಪರದೇಶದಿಂದ ಬಂದವರಿಗೆ ಸಿಕ್ಕ ನೆರವು ತಮಗೇಕಿಲ್ಲವೆಂಬ ಪ್ರಶ್ನೆ ಅವರಲ್ಲಿ ಹುಟ್ಟುವುದು ಸಹಜವೆಂಬುದನ್ನೂ ಮರೆಯಲಾಗದು. ಮುಂದೆ ಮೈರಾಡ ಸಂಸ್ಥೆಯೇ ಟಿಬೆಟ್ಟಿನವರ ಕಾರ್ಯವನ್ನು ಮುಗಿಸಿ ಸ್ಥಳೀಯ ಬಡವರ ಕಡೆಗೆ ತಿರುಗಿತೆಂಬುದು ಇಲ್ಲಿ ಅರ್ಥಪೂರ್ಣವಾಗಿದೆ.

ನಾಮ್‌ಡ್ರೋಲಿಂಗ್ ವಿಹಾರವನ್ನು ಪೆನೊರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದಾಗ ಅದು ಬಿದಿರಿನ ಒಂದು ಚಿಕ್ಕ ಗುಡಿ. ಸೆರಾ ವಿಹಾರವು 1970ರಲ್ಲಿ ಇಲ್ಲಿ ಮತ್ತೆ ನೆಲೆಗೊಂಡಿತು. ಚಿನ್ನದ ದೇವಾಲಯವು ಪ್ರತಿಷ್ಠಿತವಾದುದು 1999ರಲ್ಲಿ. ವಸತಿಯು ಹುಟ್ಟಿ ಹೆಚ್ಚುಕಡಮೆ 40 ವರ್ಷಗಳಾದ ಮೇಲೆ. ಅಲ್ಲಿಂದೀಚೆಗೆ ಪ್ರವಾಸಿಯ ದೃಷ್ಟಿಯಲ್ಲಿ ಬೈಲಕುಪ್ಪೆಯೆಂದರೆ ಈ ದೇವಾಲಯವೇ ಆಗಿದೆ. ಬೌದ್ಧಧರ್ಮವು ಕನ್ನಡನಾಡಿಗೆ ಇವರೊಡನೆ ಬಂದಿತೆಂಬ ಭಾವನೆಯೂ ಇದರಿಂದ ಹರಡುತ್ತಿದೆ. ಕ್ರಿ. ಶ. 968ರ ಕದಿರೆಯ ಲೋಕೇಶ್ವರ ವಿಗ್ರಹವನ್ನೂ, ತಾರಾದೇವಿಯನ್ನು ಸ್ತುತಿಸುವ 1095ರ ಡಂಬಳದ ಶಾಸನವನ್ನೂ ಬಲ್ಲವರು ಇದನ್ನು ಒಪ್ಪಲಾರರು. ತಾರೆಯನ್ನು ಇಂದಿಗೂ ಆರಾಧಿಸುವ ಜನರು ಒಂಬತ್ತು ಶತಮಾನಗಳ ತರುವಾಯ ಇದೇ ನಾಡಿಗೆ ಬಂದು ನೆಲಸಿದರೆಂಬ ಸಂಗತಿಯನ್ನು ಒಬ್ಬ ಮಾರ್ಗದರ್ಶಕನಾದರೂ ಹೇಳಿದರೆ ಕೇಳುವವರಿಗೆ ವಿಗ್ರಹಗಳ ಎತ್ತರದ ಲೆಕ್ಕಕ್ಕಿಂತ ಹೆಚ್ಚಿನ ಲಾಭವಾದೀತು. ಪಿರಿಯಾಪಟ್ಟಣವು ಚಂಗಾಳ್ವರ ರಾಜಧಾನಿಯಾಗಿದ್ದುದನ್ನು ಹೇಳುವವರೂ ಇಲ್ಲ.

ಹೊಲಗಳ ಈಗಿನ ಸ್ಥಿತಿ ಆಶಾದಾಯಕವಾಗಿಲ್ಲ. ಭೂಮಿಯು ಗುತ್ತಿಗೆಯದು, ಕೊಳ್ಳುವ ಮಾರುವ ಹಕ್ಕು ಸಾಗುವಳಿದಾರನಿಗಿಲ್ಲ. ಸಂಸಾರಗಳು ಬೆಳೆದವು, ಭೂಮಿ ಬೆಳೆಯಲಿಲ್ಲ. 1980ರ ತರುವಾಯ ಬಂದವರಿಗೆ ಹೊಲವೇ ದೊರೆಯಲಿಲ್ಲ. ಕೇಂದ್ರ ಸರ್ಕಾರವು 2014ರಲ್ಲಿ ಪ್ರಕಟಿಸಿದ ಟಿಬೆಟ್ಟು ಪುನರ್ವಸತಿ ನೀತಿಯು ಗುತ್ತಿಗೆಯ ಕ್ರಮವನ್ನು ಸ್ಪಷ್ಟಪಡಿಸಿತಾದರೂ ಎಕರೆಗಳನ್ನು ಹೆಚ್ಚಿಸಲಿಲ್ಲ. ಓದಿದ ತರುಣರು ಬೆಂಗಳೂರಿಗೂ ಅಲ್ಲಿಂದ ಹೊರದೇಶಗಳಿಗೂ ಹೋಗುತ್ತಿದ್ದಾರೆ. ಮಳೆಯನ್ನೇ ನಂಬಿದ ಒಂದೆರಡು ಎಕರೆಯ ಜೋಳದಿಂದ ಸಂಸಾರವು ನಡೆಯದೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ರಾಸಾಯನಿಕ ಗೊಬ್ಬರವನ್ನು ಬಿಟ್ಟು ಸಾವಯವ ಬೇಸಾಯಕ್ಕೆ ತಿರುಗುವ ಪ್ರಯತ್ನಗಳೂ ನಡೆದಿವೆ.

ಆದುದರಿಂದ ಸಂದರ್ಶನವೆಂಬುದು ಹೇಗಿರಬೇಕೆಂಬ ಪ್ರಶ್ನೆ ಬರಿಯ ಪ್ರವಾಸಿಗಳ ಅನುಕೂಲದ ಪ್ರಶ್ನೆಯಲ್ಲ. ವಸತಿಯ ಹಳ್ಳಿಗಳಿಗೆ ಇಂದಿಗೂ 'ಕ್ಯಾಂಪು' ಎಂದೇ ಹೆಸರು. ಮೊದಲನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ಎಣಿಕೆ. ಹಂಚಿನ ಮನೆಗಳೂ ತಾರಸಿಯ ಮನೆಗಳೂ ಎದ್ದು ಮೂರು ತಲೆಮಾರುಗಳಾದರೂ ಹಿಂದಿರುಗುವೆವೆಂಬ ನಂಬಿಕೆಯು ಆ ಒಂದು ಶಬ್ದದಲ್ಲಿ ನಿಂತಿದೆ. ಇಂಥ ಕ್ಯಾಂಪುಗಳ ನಡುವೆ ಕಾಲ್ನಡಿಗೆಯಲ್ಲಿ ಹೋಗಿ, ಸಹಕಾರ ಸಂಘದ ಉಗ್ರಾಣವನ್ನೂ ಜೋಳದ ಕಣವನ್ನೂ ನೋಡಿ, ಊರಿನವರ ಒಪ್ಪಿಗೆಯಿದ್ದ ಕಡೆ ಹಿರಿಯರೊಬ್ಬರ ಮಾತನ್ನು ಕೇಳುವುದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಸಂತೆಯಲ್ಲಿಯೂ ಹೊಲದಲ್ಲಿಯೂ ಕಲಿತ ಕನ್ನಡವು ಹಿರಿಯರಲ್ಲಿ ಅನೇಕರಿಗೆ ಉಂಟು. ಕನ್ನಡದ ಪ್ರವಾಸಿಗೆ ದುಭಾಷಿಯೂ ಬೇಕಾಗುವುದಿಲ್ಲ. ಹೊರದೇಶದವರ ವಿಷಯ ಬೇರೆ: ವಸತಿಯಲ್ಲಿ ತಂಗಬೇಕಾದರೆ ಅವರು ಕೇಂದ್ರ ಗೃಹಖಾತೆಯ ಅನುಮತಿಪತ್ರವನ್ನು ಮುಂಚಿತವಾಗಿ ಪಡೆದಿರಬೇಕು. ಅನುಮತಿಯೇ ಬೇಡದ ನೆರೆಹೊರೆಯವರು ಒಂದು ಗಂಟೆಯಲ್ಲಿ ನೋಡಿ ಮುಗಿಸುವುದು ವಿಚಿತ್ರವಾದರೂ ನಿಜ.

ಇದಕ್ಕೆ ಕಾಲದ ಅಡಚಣೆಯೂ ಒಂದಿದೆ. ಮುಸುಕಿನ ಜೋಳವು ಮುಂಗಾರಿನೊಡನೆ ಬಿತ್ತನೆಯಾಗಿ ದಸರೆಯ ಸುಮಾರಿಗೆ ಕೊಯ್ಲಾಗುತ್ತದೆ. ಕೊಯ್ಲು ಮುಗಿದೊಡನೆ ಮನೆಮನೆಯಿಂದಲೂ ಜನರು ಉಣ್ಣೆಯ ಅಂಗಿಗಳ ಗಂಟುಗಳನ್ನು ಕಟ್ಟಿಕೊಂಡು ದೂರದ ಪಟ್ಟಣಗಳಿಗೆ ವ್ಯಾಪಾರಕ್ಕೆ ಹೊರಟುಹೋಗುತ್ತಾರೆ. ಚಳಿಗಾಲವು ಕಳೆದು ಲೋಸಾರ್ ಎಂಬ ಹೊಸವರ್ಷದ ಹಬ್ಬದ ಹೊತ್ತಿಗೆ ಹಿಂದಿರುಗುತ್ತಾರೆ. ಕೊಡಗಿನ ದಾರಿಯಲ್ಲಿ ಪ್ರವಾಸಿಗಳು ಕಿಕ್ಕಿರಿಯುವುದು ದಸರೆಯಿಂದ ಕ್ರಿಸ್ತಜಯಂತಿಯ ರಜೆಗಳವರೆಗೆ. ನೋಡುವವರು ಬರುವ ತಿಂಗಳುಗಳಲ್ಲಿ ಬೇಸಾಯಗಾರನು ಊರಿನಲ್ಲಿರುವುದಿಲ್ಲ. ಹೊಲದಲ್ಲಿ ಒಣಗಿದ ದಂಟುಗಳೂ, ಮನೆಯ ಜಗಲಿಯಲ್ಲಿ ಮುದುಕರೂ ಮಕ್ಕಳೂ ಇರುತ್ತಾರೆ.