ಪೆಟ್ರೋಲಿನ ಇಬ್ಬರು ಒಡೆಯರು

ಎಣ್ಣೆಗೆ ಕರ ತೆರುವುದು ನಮ್ಮ ನಾಡಿಗೆ ಹೊಸದಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಗಾಣದೆರೆಯ ಮಾತು ಬರುತ್ತದೆ. ಲಕ್ಷ್ಮೀಕಾಂತನ ಗುಡಿಯಿರುವ ಹೆಡತಲೆಯಿಂದ ಸ್ಕೂಟರಿನಲ್ಲಿ ನಂಜನಗೂಡಿಗೆ ಹೊರಟರೆ ನೀವೂ ಎಣ್ಣೆಯ ತೆರಿಗೆ ತೆರುವವರೇ. ಆದರೆ ಈಗ ಅದು ಬೆಲೆಯೊಳಗೇ ಅಡಗಿರುತ್ತದೆ.

ಈ ತೆರಿಗೆ ಹುಟ್ಟಿದ್ದು ಯುದ್ಧಕಾಲದಲ್ಲಿ. ಮೊದಲನೆಯ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟಿಷ್ ಸರ್ಕಾರ ಪೆಟ್ರೋಲಿಗೆ ಸುಂಕ ಹಾಕಿತು. ಯುದ್ಧ ಮುಗಿಯಿತು, ಸುಂಕ ಉಳಿಯಿತು! 1929ರಲ್ಲಿ, ಜಯಕರ್ ಸಮಿತಿಯ ಸಲಹೆಯಂತೆ, ರಸ್ತೆಗಳಿಗೆಂದು ಗ್ಯಾಲನ್ನಿಗೆ ಎರಡಾಣೆ ಸೇರಿತು. 1938ರಲ್ಲಿ ಮಧ್ಯಪ್ರಾಂತದ ಸರ್ಕಾರ ಅದೇ ಪೆಟ್ರೋಲಿಗೆ ಮಾರಾಟ ತೆರಿಗೆ ಹೂಡಿತು. ಕೇಂದ್ರ ಒಪ್ಪಲಿಲ್ಲ, ವ್ಯಾಜ್ಯ ಫೆಡರಲ್ ಕೋರ್ಟಿನವರೆಗೆ ಹೋಯಿತು, ಗೆದ್ದದ್ದು ಪ್ರಾಂತ. ಒಂದು ಸರಕಿಗೆ ಇಬ್ಬರು ಒಡೆಯರಾದದ್ದು ಹೀಗೆ.

2017ರಲ್ಲಿ ಜಿ.ಎಸ್.ಟಿ. ಬಂದಾಗಲೂ ಇಬ್ಬರೂ ಪೆಟ್ರೋಲನ್ನು ಅದಕ್ಕೆ ಒಪ್ಪಿಸಲಿಲ್ಲ. 2020ರಲ್ಲಿ ಕಚ್ಚಾ ತೈಲದ ಬೆಲೆ ನೆಲಕಚ್ಚಿತು. ಗಿರಾಕಿಗೆ ಸಿಗಬೇಕಾಗಿದ್ದ ಇಳಿತವನ್ನು ಕೇಂದ್ರದ ಎಕ್ಸೈಸ್ ನುಂಗಿ, ಲೀಟರಿಗೆ 32.98 ರೂಪಾಯಿಗೆ ಏರಿತು. ಅದನ್ನು ಮುಂದೆ ಇಳಿಸಿದರೆನ್ನಿ. 2024ರ ಜೂನ್ ತಿಂಗಳಲ್ಲಿ ಕರ್ನಾಟಕ ತನ್ನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಮೂರು ರೂಪಾಯಿ ಹೆಚ್ಚಿತು. ದೊಡ್ಡ ಕಾರಿನವರಿಗೂ, ಬಾಳೆಗೊನೆ ಹೇರಿಕೊಂಡು ಪೇಟೆಗೆ ಬರುವ ಮೊಪೆಡ್ಡಿನವನಿಗೂ ಅದೇ ಮೂರು ರೂಪಾಯಿ.