ಸುಧೀರ್ ಕಾಕರ್ ಕಂಡ ‘ಭಾರತೀಯ ಮನಸ್ಸು’: ಒಂದು ಮರುಪರಿಶೀಲನೆ

ಮನೋವಿಶ್ಲೇಷಕ ಸುಧೀರ್ ಕಾಕರ್ 2024ರ ಏಪ್ರಿಲ್ 22ರಂದು ತೀರಿಕೊಂಡರು. ಭಾರತೀಯ ಮನಸ್ಸಿನ ವ್ಯಾಖ್ಯಾನಕಾರ ಎಂಬ ಹೆಸರು ಆ ಹೊತ್ತಿಗಾಗಲೇ ಅವರಿಗೆ ಅಂಟಿಕೊಂಡಿತ್ತು. ಪತ್ನಿ ಕಟರೀನಾ ಜೊತೆ ಸೇರಿ 2007ರಲ್ಲಿ ‘ದಿ ಇಂಡಿಯನ್ಸ್’ ಎಂಬ ಪುಸ್ತಕ ಬರೆದು, ಆ ಹೆಸರಿಗೆ ಅವರೇ ರುಜು ಹಾಕಿದಂತಾಗಿತ್ತು. ಆದರೆ ಅವರ ಬರವಣಿಗೆಯನ್ನು ಅನುಕ್ರಮವಾಗಿ ಓದುತ್ತ ಹೋದರೆ ಬೇರೊಂದು ಸಂಗತಿ ಕಾಣುತ್ತದೆ. ಇಡೀ ದೇಶದ ಪರವಾಗಿ ಮಾತಾಡುವ ಕಾಕರ್‌ಗಿಂತ, ತನ್ನದಲ್ಲದ ಜಾಗಕ್ಕೆ ಹೋಗಿ ಸುಮ್ಮನೆ ಕೂತು ಕೇಳಿಸಿಕೊಳ್ಳುವ ಕಾಕರ್ ಹೆಚ್ಚು ನಂಬಲರ್ಹರು. ಈ ಲೇಖನ ಆ ಎರಡನೆಯ ಕಾಕರ್ ಅವರನ್ನು ಕುರಿತದ್ದು.

ಅವರು ಹುಟ್ಟಿದ್ದು 1938ರಲ್ಲಿ, ನೈನಿತಾಲಿನಲ್ಲಿ. ತಂದೆ ಮ್ಯಾಜಿಸ್ಟ್ರೇಟ್, ವರ್ಗವಾದಂತೆಲ್ಲ ಮನೆಯೂ ಸರ್ಗೋಧಾ, ರೋಹ್ತಕ್, ಶಿಮ್ಲಾ ಎಂದು ಊರು ಬದಲಿಸುತ್ತಿತ್ತು. ಅಹಮದಾಬಾದಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಜರ್ಮನಿಯ ಮಾನ್‌ಹೈಮ್‌ನಲ್ಲಿ ವಾಣಿಜ್ಯ, ವಿಯೆನ್ನಾದಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್: ಫ್ರಾಯ್ಡ್‌ನ ಊರಿಗೇ ಹೋಗಿ ಅರ್ಥಶಾಸ್ತ್ರ ಕಲಿತು ಬಂದವರು ಇವರು. 1964ರಲ್ಲಿ ಅಹಮದಾಬಾದಿನಲ್ಲಿ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಪರಿಚಯವಾಯಿತು. 1918ರ ಅಹಮದಾಬಾದ್ ಗಿರಣಿ ಮುಷ್ಕರವನ್ನು ನಡುವೆ ಇಟ್ಟುಕೊಂಡು ಎರಿಕ್‌ಸನ್ ಆಗ ಗಾಂಧಿಯ ಮನೋಚರಿತ್ರೆಗೆ ಸಾಮಗ್ರಿ ಕೂಡಿಸುತ್ತಿದ್ದರು. ಅದು 1969ರಲ್ಲಿ ‘ಗಾಂಧೀಸ್ ಟ್ರೂತ್’ ಎಂದು ಪ್ರಕಟವಾಯಿತು. ಕಾಕರ್ ಹಾರ್ವರ್ಡ್‌ಗೆ ಹೋಗಿ ಅವರ ಸಹಾಯಕರಾದರು. 1970ರಲ್ಲಿ ಬಂದ ಕಾಕರ್ ಪುಸ್ತಕದ ವಸ್ತು ಫ್ರೆಡರಿಕ್ ಟೇಲರ್, ಸ್ಟಾಪ್‌ವಾಚ್ ಹಿಡಿದು ಕಾರ್ಮಿಕರ ಕೈಚಲನೆ ಅಳೆದ ಆ ಅಮೆರಿಕನ್ ಎಂಜಿನಿಯರ್. ತಾನು ಬಿಟ್ಟು ಹೊರಟ ವೃತ್ತಿಗೆ ಅವರು ಹೀಗೆ ವಿದಾಯ ಹೇಳಿದರೆನ್ನಬಹುದು. 1971ರಿಂದ 1975ರವರೆಗೆ ಫ್ರಾಂಕ್‌ಫರ್ಟ್‌ನ ಸಿಗ್ಮಂಡ್ ಫ್ರಾಯ್ಡ್ ಸಂಸ್ಥೆಯಲ್ಲಿ ತರಬೇತಿ ಪಡೆದು, ಆಮೇಲೆ ದಿಲ್ಲಿಯಲ್ಲಿ ಚಿಕಿತ್ಸೆ ಆರಂಭಿಸಿದರು.

ಮನೋವಿಶ್ಲೇಷಣೆ ಆಗ ಭಾರತಕ್ಕೆ ಹೊಸತೇನಲ್ಲ. ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದರು. ತಮ್ಮ ಬಂಗಾಳಿ ರೋಗಿಗಳಲ್ಲಿ, ಮಗ ತಾಯಿಯನ್ನು ಬಯಸಿ ತಂದೆಗೆ ಎದುರಾಗುವ ಈಡಿಪಸ್ ಕಥೆ ಯೂರೋಪಿನಂತೆ ನಡೆಯುತ್ತಿಲ್ಲವೆಂದು ಫ್ರಾಯ್ಡ್‌ಗೆ ಪತ್ರ ಬರೆದೂ ಇದ್ದರು. ಫ್ರಾಯ್ಡ್ ಸೌಜನ್ಯದಿಂದ ಉತ್ತರಿಸಿದರೇ ಹೊರತು ತಮ್ಮ ಸಿದ್ಧಾಂತವನ್ನು ಕದಲಿಸಲಿಲ್ಲ. ಬೋಸ್ ಎತ್ತಿ ಬಿಟ್ಟ ಆ ಪ್ರಶ್ನೆಯನ್ನು ಅರ್ಧ ಶತಮಾನದ ನಂತರ ಕಾಕರ್ ಮತ್ತೆ ಕೈಗೆತ್ತಿಕೊಂಡರು.

ದಿಲ್ಲಿಯ ಚಿಕಿತ್ಸಾ ಕೊಠಡಿಗೆ ಬಂದವರು ಫ್ರಾಂಕ್‌ಫರ್ಟ್‌ನ ಪಾಠಕ್ಕೆ ಒಗ್ಗಲಿಲ್ಲ. ಇಪ್ಪತ್ತೆಂಟು ವರ್ಷದ ಒಬ್ಬ ಎಂಜಿನಿಯರನನ್ನು ಮನೆಯವರೇ ಕರೆತಂದ ಪ್ರಸಂಗವನ್ನು ಕಾಕರ್ ದಾಖಲಿಸಿದ್ದಾರೆ. ಮನೆಯವರ ದೂರು ಇಷ್ಟೇ: ಹುಡುಗ ಹಟಮಾರಿ, ಯಾರ ಮಾತೂ ಕೇಳುವುದಿಲ್ಲ, ತನ್ನ ಬದುಕಿಗೆ ಏನು ಬೇಕೆಂದು ತನಗೇ ಗೊತ್ತು ಅಂದುಕೊಂಡಿದ್ದಾನೆ. ಪಾಶ್ಚಾತ್ಯ ವಿಶ್ಲೇಷಕನ ಕಣ್ಣಿಗೆ ಚಿಕಿತ್ಸೆಯ ಗುರಿಯಾಗಿ ಕಾಣುವ ಗುಣವೇ ಇಲ್ಲಿ ಕಾಯಿಲೆಯ ಲಕ್ಷಣ. ಹಳೇ ದಿಲ್ಲಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಐವತ್ತೊಂದರ ಇನ್ನೊಬ್ಬ ವ್ಯಕ್ತಿಯನ್ನು ಕಾಕರ್ ರಾಮನಾಥ ಎಂದು ಕರೆಯುತ್ತಾರೆ. ಕಾರಣ ತಿಳಿಯದ ಆತಂಕ ಅವನನ್ನು ಕಾಡುತ್ತಿತ್ತು. ಔಷಧಿ, ಮೂಲಿಕೆ, ಧ್ಯಾನ ಎಲ್ಲ ಮುಗಿಸಿ ಬಂದಿದ್ದ. ಇಲ್ಲಿ ಅವನಿಗೆ ಬೇಕಾಗಿದ್ದವನು ದಾರಿ ತೋರಿಸುವ ಗುರು. ಸಿಕ್ಕಿದ್ದು ನೀನೇ ಮಾತಾಡು ಎಂದು ಹೇಳಿ ಸುಮ್ಮನಾಗುವ ವೈದ್ಯ. ಆ ಮೌನ ರೋಗಿಗೆ ಉಪೇಕ್ಷೆಯಂತೆ ಕಂಡಿತು. ವಿಶ್ಲೇಷಕ ಎಷ್ಟು ಮಾತಾಡಬೇಕು, ಎಷ್ಟು ಹತ್ತಿರ ಬರಬೇಕು ಎಂಬ ನಿಯಮಗಳು ವಿಜ್ಞಾನದವೋ ಒಂದು ಸಂಸ್ಕೃತಿಯ ಶಿಷ್ಟಾಚಾರದವೋ ಎಂದು ಕಾಕರ್ ಕೇಳತೊಡಗಿದ್ದು ಇಂಥ ರೋಗಿಗಳಿಂದಾಗಿ.

1978ರ ‘ದಿ ಇನ್ನರ್ ವರ್ಲ್ಡ್’ ಅವರಿಗೆ ಹೆಸರು ತಂದ ಕೃತಿ. ಹಿಂದೂ ಗಂಡುಮಗು ನಾಲ್ಕೈದು ವರ್ಷ ತಾಯಿಯ ಮಡಿಲು ಬಿಡದೆ ಬೆಳೆದು, ಆಮೇಲೆ ಇದ್ದಕ್ಕಿದ್ದಂತೆ ಗಂಡಸರ ಕಠಿಣ ಲೋಕಕ್ಕೆ ತಳ್ಳಿಸಿಕೊಳ್ಳುತ್ತದೆ, ಆ ಪೆಟ್ಟು ಜೀವನದುದ್ದಕ್ಕೂ ಉಳಿಯುತ್ತದೆ ಎಂಬುದು ಅದರ ತಿರುಳು. ಮುಂದಿನ ಬರಹಗಳಲ್ಲಿ ಈ ಮಾತೃಮೋಹವನ್ನು ಅವರು ಮೊದಲು ಲೋಕ ಸುತ್ತಿ ಬಂದವರಿಗೆ ಹಣ್ಣು ಎಂಬ ಗಣಪತಿ ಮತ್ತು ಸ್ಕಂದರ ಸ್ಪರ್ಧೆಯ ಕಥೆಯ ಮೂಲಕ ವಿವರಿಸಿದರು. ಲೋಕ ಸುತ್ತಲು ಹೊರಟ ಸ್ಕಂದ ಸ್ವತಂತ್ರನಾದ, ತಾಯಿಯಿಂದ ದೂರವಾದ. ತಾಯಿಯನ್ನೇ ಸುತ್ತಿದ ಗಣಪತಿ ಹಣ್ಣು ಗೆದ್ದ, ಮಗುವಾಗಿಯೇ ಉಳಿದ. ಭಾರತೀಯ ಗಂಡಸಿನ ಮನಸ್ಸು ಈ ಇಬ್ಬರ ನಡುವೆ ತೂಗಾಡುತ್ತದೆಂಬುದು ಕಾಕರ್ ಮತ.

ಈ ಚೌಕಟ್ಟು ಚೆಂದವಾಗಿದೆ. ತೊಂದರೆಯಿರುವುದೂ ಅಲ್ಲಿಯೇ. ಭಾರತೀಯರ ಅಹಂ ಸಾಕಷ್ಟು ಬಲಿತಿಲ್ಲ ಎಂಬರ್ಥದ ಮಾತುಗಳು ‘ದಿ ಇನ್ನರ್ ವರ್ಲ್ಡ್’ನಲ್ಲಿವೆ. ಯಾವ ಅಳತೆಗೋಲಿನಿಂದ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ಕರ್ಟ್ಜ್ 1992ರ ‘ಆಲ್ ದಿ ಮದರ್ಸ್ ಆರ್ ಒನ್’ ಕೃತಿಯಲ್ಲಿ ಇದನ್ನೇ ಎತ್ತಿದರು: ಕೂಡುಕುಟುಂಬದಲ್ಲಿ ಮಗುವಿಗೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲರೂ ತಾಯಂದಿರು, ಒಬ್ಬಳೇ ತಾಯಿಯ ಜೊತೆಗಿನ ನಂಟನ್ನು ಮಾತ್ರ ನೋಡಿದರೆ ಸಾಲದು. ಅದಕ್ಕಿಂತ ದೊಡ್ಡ ಕೊರತೆಯೆಂದು ನನಗನ್ನಿಸುವುದು, ಕಾಕರ್ ಕೇಳಿದ ಕಥೆಗಳೆಲ್ಲ ಬಹುಮಟ್ಟಿಗೆ ಉತ್ತರ ಭಾರತದ ಮೇಲುಜಾತಿಯ ನಗರವಾಸಿಗಳ ಮನೆಯವು, ಅದರಲ್ಲೂ ಮಗನ ಕಣ್ಣಿನಿಂದ ಕಂಡವು ಎಂಬುದು.

ಎ.ಕೆ. ರಾಮಾನುಜನ್ ‘ದಿ ಇಂಡಿಯನ್ ಈಡಿಪಸ್’ ಪ್ರಬಂಧದಲ್ಲಿ ಚರ್ಚಿಸಿದ ಕನ್ನಡ ಜನಪದ ಕಥೆಯನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡಬೇಕು. ಮಗನನ್ನೇ ಮದುವೆಯಾಗಿ ಅವನಿಂದ ಮಗು ಪಡೆಯುವೆ ಎಂಬ ಹಣೆಬರಹ ಹೊತ್ತ ಹುಡುಗಿ ಅದನ್ನು ತಪ್ಪಿಸಿಕೊಳ್ಳಲು ಕಾಡು ಸೇರುತ್ತಾಳೆ. ರಾಜನೊಬ್ಬ ಉಚ್ಚೆ ಹೊಯ್ದ ಮರದ ಮಾವಿನ ಹಣ್ಣು ತಿಂದು ಬಸುರಾಗುತ್ತಾಳೆ. ಹುಟ್ಟಿದ ಗಂಡುಕೂಸನ್ನು ತನ್ನ ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ವರ್ಷಗಳ ಮೇಲೆ ಬೇಟೆಗೆ ಬಂದ ರಾಜಕುಮಾರನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಹೊಸ ಕೂಸಿಗೆ ಹೊದಿಸಲು ಅದರ ತಂದೆಯ ಎಳೆತನದ ಬಟ್ಟೆ ಹೊರತೆಗೆದಾಗ ಆ ಸೀರೆಯ ತುಂಡು ಅವಳ ಕೈಗೆ ಬರುತ್ತದೆ. ಎಲ್ಲರೂ ಮಲಗಿದ ಮೇಲೆ ಮಗುವಿಗೆ ಜೋಗುಳ ಹಾಡಿ ನೇಣು ಹಾಕಿಕೊಳ್ಳುತ್ತಾಳೆ. ಹೆಂಗಸರು ಹೇಳುವ ಈ ಕಥೆಯಲ್ಲಿ ಈಡಿಪಸ್ ಹಿನ್ನೆಲೆಗೆ ಸರಿದು ಅವನ ತಾಯಿ ಯೊಕಾಸ್ಟಳೇ ನಾಯಕಿ. ಅರಿವು, ಅಪರಾಧ, ಶಿಕ್ಷೆ ಮೂರೂ ತಾಯಿಯವು. ಕಾಕರ್ ಕೇಂದ್ರದಲ್ಲಿಟ್ಟ ಆವರಿಸುವ ತಾಯಿಯ ಒಳಗೇನು ನಡೆಯುತ್ತದೆ ಎಂಬುದಕ್ಕೆ ‘ದಿ ಇನ್ನರ್ ವರ್ಲ್ಡ್’ಗಿಂತ ಈ ಕಥೆ ಹೆಚ್ಚು ಹೇಳುತ್ತದೆ. ಕಾಕರ್‌ಗೂ ಈ ಕೊರತೆ ಕಂಡಿರಬೇಕು. 1989ರ ‘ಇಂಟಿಮೇಟ್ ರಿಲೇಷನ್ಸ್’ ಕೃತಿಯಲ್ಲಿ ಅವರು ದಿಲ್ಲಿಯ ಕೊಳೆಗೇರಿ ಹೆಂಗಸರ ಮಾತಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು.

ರಾಮಕೃಷ್ಣ ಪರಮಹಂಸರನ್ನು ಕುರಿತ ‘ದಿ ಅನಲಿಸ್ಟ್ ಅಂಡ್ ದಿ ಮಿಸ್ಟಿಕ್’ (1991), ವೆಂಡಿ ಡಾನಿಗರ್ ಜೊತೆಗಿನ ಕಾಮಸೂತ್ರದ ಅನುವಾದ (2002), ವಾತ್ಸ್ಯಾಯನನನ್ನು ಪಾತ್ರವಾಗಿಸಿದ ಕಾದಂಬರಿ ಇವೆಲ್ಲ ಬೇರೆಯೇ ಲೇಖನ ಬೇಡುತ್ತವೆ. ಮೊದಲನೆಯದರ ಬಗ್ಗೆ ಒಂದೇ ಮಾತು: ಸಮಾಧಿ ಸ್ಥಿತಿಯನ್ನು ರೋಗವೆಂದು ತಳ್ಳಿಹಾಕದೆ, ಸೃಜನಶೀಲ ಅನುಭವವೆಂದು ಓದುವ ಆ ಪುಸ್ತಕವನ್ನು ಕುವೆಂಪು ಬರೆದ ಪರಮಹಂಸರ ಚರಿತ್ರೆ ಓದಿ ಬೆಳೆದವರು ಮುನಿಸಿಲ್ಲದೆ ಓದಬಹುದು.

ಅವರ ಅತ್ಯುತ್ತಮ ಕೃತಿ, ನನ್ನ ಮಟ್ಟಿಗೆ, 1982ರ ‘ಶಾಮನ್ಸ್, ಮಿಸ್ಟಿಕ್ಸ್ ಅಂಡ್ ಡಾಕ್ಟರ್ಸ್’. ಅದರಲ್ಲಿ ದಿಲ್ಲಿಯ ದರ್ಗಾವೊಂದರ ಪೀರ್ ಇದ್ದಾರೆ, ಆಯುರ್ವೇದದ ವೈದ್ಯರಿದ್ದಾರೆ. ಎಲ್ಲಕ್ಕಿಂತ ಮಿಗಿಲಾದದ್ದು ರಾಜಸ್ಥಾನದ ಬಾಲಾಜಿ ಗುಡಿಯ ಅಧ್ಯಾಯ. ಹನುಮಂತ ಅಲ್ಲಿ ನ್ಯಾಯಾಧೀಶ. ಭೈರವ ಮತ್ತು ಪ್ರೇತರಾಜ ಅವನ ಕಚೇರಿಯ ಅಧಿಕಾರಿಗಳು. ಮೈಮೇಲೆ ಗಾಳಿ ಬಂದವರು ಲಾಡು ಒಪ್ಪಿಸಿ ಅರ್ಜಿ ಹಾಕಿಕೊಳ್ಳುತ್ತಾರೆ. ಆಮೇಲೆ ವಿಚಾರಣೆ, ಅಂದರೆ ‘ಪೇಶಿ’. ರೋಗಿ ತಲೆ ಬೀಸುತ್ತ ಮೈ ತೂಗುತ್ತ ನೆಲಕ್ಕೆ ಕೈ ಬಡಿಯುತ್ತಿರುವಾಗ ಒಳಗಿನ ಭೂತ ತಾನು ಯಾರು, ಏಕೆ ಬಂದೆ ಎಂದು ಹೇಳಿಕೆ ಕೊಡಬೇಕು. ಕೆಲವೊಮ್ಮೆ ರೋಗಿಯ ಬದಲು ಜೊತೆಗೆ ಬಂದ ನೆಂಟರಿಗೇ ಆವೇಶ ಬರುವುದುಂಟು. ಕಾಯಿಲೆ ಒಬ್ಬರದಲ್ಲ, ಮನೆಯದು ಎಂದು ಆ ಗುಡಿಗೆ ಮೊದಲೇ ಗೊತ್ತಿತ್ತು. ಕಾಕರ್ ಇದನ್ನು ಮೂಢನಂಬಿಕೆಯೆಂದು ಜರೆಯುವುದಿಲ್ಲ, ದೇಸಿ ಜಾಣ್ಮೆಯೆಂದು ಮೆರೆಸುವುದೂ ಇಲ್ಲ. ಸೊಸೆಯಾಗಿ ಬಂದ ಹುಡುಗಿ ಬಾಯಿಬಿಟ್ಟು ಆಡಲಾಗದ ಸಿಟ್ಟು ಮತ್ತು ಆಸೆಗಳನ್ನು ಭೂತದ ಬಾಯಲ್ಲಿ ಹೇಗೆ ಆಡುತ್ತಾಳೆ ಎಂಬುದನ್ನು ಹತ್ತಿರದಿಂದ ನೋಡುತ್ತಾರೆ.

ಅಲ್ಲಿ ಅವರು ಗಮನಿಸಿದ ಮತ್ತೊಂದು ಸಂಗತಿಯಿದೆ. ಅವರು ಮಾತಾಡಿಸಿದ ಹಿಂದೂ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಮೈಮೇಲಿದ್ದ ಭೂತ ತಾನು ಮುಸಲ್ಮಾನ ಎಂದು ಹೇಳಿಕೊಂಡಿತ್ತು. ತನ್ನದೆಂದು ಒಪ್ಪಲಾಗದ ಆಸೆ ಪರರ ಹೆಸರು ತೊಟ್ಟು ಬರುತ್ತದೆಂದರೆ, ಆ ಪರರು ಯಾರೆಂಬುದು ಬರೀ ಮನೋವೈದ್ಯಕೀಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹದಿಮೂರು ವರ್ಷಗಳ ನಂತರ ಬಂದ ‘ದಿ ಕಲರ್ಸ್ ಆಫ್ ವಯಲೆನ್ಸ್’ನ ಬೀಜ ಇಲ್ಲಿದೆ. ಹೈದರಾಬಾದಿನಲ್ಲಿ 1990ರ ಡಿಸೆಂಬರ್‌ನಲ್ಲಿ ನಡೆದ ಹಿಂದೂ-ಮುಸ್ಲಿಂ ಗಲಭೆಯ ಬೆನ್ನಿಗೆ ಕಾಕರ್ ಹಳೇ ಊರಿನ ಓಣಿಗಳಿಗೆ ಹೋದರು. ಎರಡೂ ಕಡೆಯ ಪೈಲ್ವಾನರನ್ನು, ಹಿಂದೂಗಳಾದ ಪಾರ್ದಿ ಸಮುದಾಯದ ಮನೆಗಳವರನ್ನು, ಮುಸ್ಲಿಂ ಕುಟುಂಬಗಳನ್ನು ಮಾತಾಡಿಸಿದರು. ದೇಶವಿಭಜನೆಯ ಕಾಲದಲ್ಲಿ ರೋಹ್ತಕ್‌ನ ತಮ್ಮ ಮನೆಯಲ್ಲೇ ಕೇಳಿದ್ದ ಕಥೆಗಳನ್ನೂ ಪರೀಕ್ಷೆಗೆ ಒಡ್ಡಿದರು. ಗಲಭೆಯ ಹೊತ್ತಿನಲ್ಲಿ ಯಾವುದು ಪಾಪ, ಯಾವುದು ಅಲ್ಲ ಎಂದು ಅವರು ಜನರನ್ನು ಕೇಳುತ್ತಾರೆ. ಶಾಂತಿಕಾಲದಲ್ಲಿ ಒಪ್ಪದ ಕೊಳ್ಳಿ, ಕೊಲೆಗಳನ್ನು ಗಲಭೆಯ ದಿನಗಳಲ್ಲಿ ಸಮರ್ಥಿಸಿಕೊಳ್ಳುವವರು ಸಿಗುತ್ತಾರೆ. ಆದರೆ ಎದುರು ಕೋಮಿನ ಹೆಂಗಸಿನ ಮೇಲಿನ ಅತ್ಯಾಚಾರವನ್ನು ಒಪ್ಪಲು ಎರಡೂ ಕಡೆಯವರು ತಯಾರಿರಲಿಲ್ಲ. ಕಾಕರ್ ಇದಕ್ಕೆ ಕಂಡ ಕಾರಣ ಲೌಕಿಕವಾದದ್ದು: ಕರ್ಫ್ಯೂ ಎದ್ದ ಮೇಲೆ ಇದೇ ಜನ ಇದೇ ಓಣಿಗಳಲ್ಲಿ ಒಬ್ಬರಿಗೊಬ್ಬರು ಎದುರಾಗಿ ಬಾಳಬೇಕಿತ್ತು.