ಹೊನ್ನಾವರದ ಮೆಣಸು, ಉತ್ತರದ ಹಿಮ: ಲಿನ್ಸ್‌ಖೋಟನ್ ಎಂಬ ಯಾತ್ರಿಕ

ಉತ್ತರ ಧ್ರುವದ ಸಮೀಪದ ಹಿಮಸಾಗರಕ್ಕೂ ನಮ್ಮ ಕರಾವಳಿಯ ಕಾಳುಮೆಣಸಿಗೂ ಸಂಬಂಧವಿದೆಯೆಂದರೆ ಸುಲಭವಾಗಿ ನಂಬಲಾಗದು. ಆದರೆ ಹದಿನಾರನೆಯ ಶತಮಾನದ ಕೊನೆಯಲ್ಲಿ ಡಚ್ ನಾವಿಕರು ರಷ್ಯಾದ ಉತ್ತರಕ್ಕಿರುವ ಕಡಲಿಗೆ ಹಡಗುಗಳನ್ನು ನಡೆಸಿದ್ದು ಹಿಮವನ್ನು ಕಾಣುವ ಕುತೂಹಲದಿಂದಲ್ಲ. ಚೀನಾಕ್ಕೂ ಸಂಬಾರ ಪದಾರ್ಥಗಳ ನಾಡುಗಳಿಗೂ ಹೊಸ ದಾರಿಯೊಂದನ್ನು ಹುಡುಕಲು. ಆ ಹಡಗುಗಳಲ್ಲಿದ್ದ ಒಬ್ಬಾತ ಅದಕ್ಕೆ ಮೊದಲು ಐದು ವರ್ಷ ಗೋವೆಯಲ್ಲಿದ್ದು, ಹೊನ್ನಾವರ, ಬಸರೂರು, ಮಂಗಳೂರುಗಳ ವಿವರವನ್ನೂ ಹೋರ್ಮುಜ್ ಹಾಗೂ ಜುಲ್ಫಾರಗಳ ಸುದ್ದಿಯನ್ನೂ ಸಂಗ್ರಹಿಸಿದ್ದನು. ಯಾನ್ ಹ್ಯೂಗನ್ ವಾನ್ ಲಿನ್ಸ್‌ಖೋಟನ್ ಎಂಬುದು ಆತನ ಹೆಸರು. ಕರಾವಳಿಯನ್ನು ಬಿಟ್ಟು ಕೊಲ್ಲಿಯಲ್ಲಿ ನೆಲೆಸಿರುವ ನಮಗೆ ಆತನ ಬದುಕು ಪೂರ್ತಿ ಪರಕೀಯವೆನಿಸದು.

ನೆದರ್ಲೆಂಡ್ಸಿನ ಹಾರ್ಲೆಮ್ ನಗರದಲ್ಲಿ 1563ರ ಸುಮಾರಿಗೆ ಹುಟ್ಟಿದ ಲಿನ್ಸ್‌ಖೋಟನ್ ಬೆಳೆದದ್ದು ಎಂಕ್‌ಹೈಜನ್ ಎಂಬ ಬಂದರು ಪಟ್ಟಣದಲ್ಲಿ. ಹದಿಹರೆಯದಲ್ಲಿಯೇ ಮನೆ ಬಿಟ್ಟು, ಸ್ಪೇನಿನಲ್ಲಿದ್ದ ಅಣ್ಣಂದಿರ ಬಳಿ ಸೇರಿ, ಅಲ್ಲಿಂದ ಲಿಸ್ಬನ್‌ಗೆ ಹೋದನು. ಗೋವೆಯ ಆರ್ಚ್‌ಬಿಷಪ್ ಆಗಿ ನೇಮಕಗೊಂಡಿದ್ದ ವಿಸೆಂಟೆ ಡ ಫೊನ್ಸೆಕಾ ಅವರ ಪರಿವಾರದಲ್ಲಿ ಗುಮಾಸ್ತನ ಕೆಲಸ ದೊರೆಯಿತು. 1583ರ ಏಪ್ರಿಲ್‌ನಲ್ಲಿ ಹೊರಟ ಹಡಗು ಸೆಪ್ಟೆಂಬರ್‌ನಲ್ಲಿ ಗೋವೆಯನ್ನು ಮುಟ್ಟಿತು. ಆಗ ಆತನಿಗೆ ಇಪ್ಪತ್ತರ ಆಸುಪಾಸು. ಓದುಬರಹ ಬಲ್ಲ, ಲೆಕ್ಕ ಇಡಬಲ್ಲ, ದುಡಿಮೆಗಾಗಿ ಕಡಲು ದಾಟಿದ ತರುಣನೊಬ್ಬ: ಇಂದಿನ ದುಬೈ, ಅಬುಧಾಬಿಗಳಲ್ಲಿ ಇಂಥವರನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಗೋವೆಯಲ್ಲಿ ಕಳೆದ ಐದು ವರ್ಷಗಳಲ್ಲಿ ಆತ ಸ್ವತಃ ಸುತ್ತಾಡಿದ್ದು ಕಡಿಮೆ, ಕೇಳಿ ಬರೆದುಕೊಂಡದ್ದು ಬಹಳ. ಆರ್ಚ್‌ಬಿಷಪ್ಪರ ಮನೆಗೆ ಅಧಿಕಾರಿಗಳು, ವರ್ತಕರು, ಪಾದ್ರಿಗಳು ಬಂದು ಹೋಗುತ್ತಿದ್ದರು. ಗೋವೆಯ ಬಂದರಿನಲ್ಲಿ ಪೂರ್ವ ಪಶ್ಚಿಮಗಳ ಹಡಗುಗಳು ತಂಗುತ್ತಿದ್ದವು. ಚೀನಾ, ಜಪಾನ್‌ಗಳಿಗೆ ಹೋಗಿಬಂದ ಡಿರ್ಕ್ ಗೆರಿಟ್ಸ್ ಎಂಬ ಸ್ವದೇಶೀಯನಿಂದಲೂ ಆತ ಸಾಕಷ್ಟು ವಿಷಯ ತಿಳಿದುಕೊಂಡನು. ಪೋರ್ಚುಗೀಸರು ಗುಟ್ಟಾಗಿಟ್ಟಿದ್ದ ಕಡಲದಾರಿಯ ಸೂಚನೆಗಳೂ ಆತನ ಕೈಸೇರಿದವು.

ಕನ್ನಡ ಕರಾವಳಿಯ ಬಗ್ಗೆ ಆತ ಬರೆದುದರಲ್ಲಿ ಮೆಣಸಿಗೆ ಅಗ್ರಸ್ಥಾನವಿದೆ. ಗೋವೆಯಿಂದ ದಕ್ಷಿಣಕ್ಕೆ ಪೋರ್ಚುಗೀಸರ ಕೋಟೆಗಳಿದ್ದ ಊರುಗಳನ್ನು ಹೆಸರಿಸುತ್ತ, ಹೊನ್ನಾವರದ ಮೆಣಸು ಅಲ್ಲಿನ ರಾಣಿಯೊಬ್ಬಳ ಸೀಮೆಯಿಂದ ಬರುವುದೆಂದೂ ಅದಕ್ಕೆ ಹಣವನ್ನು ಮುಂಗಡವಾಗಿಯೇ ತೆರಬೇಕೆಂದೂ ತಿಳಿಸುತ್ತಾನೆ. ಆ ಕಾಲದಲ್ಲಿ ಗೇರುಸೊಪ್ಪೆಯನ್ನು ಆಳುತ್ತಿದ್ದವಳು ‘ಕಾಳುಮೆಣಸಿನ ರಾಣಿ’ ಎಂದು ಹೆಸರಾದ ಚೆನ್ನಭೈರಾದೇವಿ. ಕಡಲಿನ ಒಡೆಯರೆಂದು ಬೀಗುತ್ತಿದ್ದವರು ಘಟ್ಟದ ಬುಡದ ರಾಣಿಗೆ ಮೊದಲೇ ಹಣ ಎಣಿಸಿಕೊಟ್ಟು ಕಾಯಬೇಕಾಗಿತ್ತೆಂಬುದು ಈ ಒಂದು ವಿವರದಿಂದಲೇ ಸ್ಪಷ್ಟವಾಗುತ್ತದೆ.

ನಾವಿರುವ ಈ ಕೊಲ್ಲಿಯೂ ಆತನ ಬರವಣಿಗೆಯಲ್ಲಿದೆ. ಹೋರ್ಮುಜ್‌ನ ಬೇಸಗೆಯಲ್ಲಿ ಜನರು ನೀರು ತುಂಬಿದ ಮರದ ತೊಟ್ಟಿಗಳಲ್ಲಿ ಮಲಗುತ್ತಾರೆಂದು ಆತ ದಾಖಲಿಸಿದ್ದಾನೆ. ಮುತ್ತುಗಳ ವಿಚಾರ ಹೇಳುವಾಗ ಬಹರೈನ್ ಮೊದಲಾದ ಸ್ಥಳಗಳ ಜೊತೆಗೆ ಜುಲ್ಫಾರವನ್ನೂ ಹೆಸರಿಸುತ್ತಾನೆ. ಜುಲ್ಫಾರವೆಂದರೆ ಇಂದಿನ ರಾಸ್ ಅಲ್ ಖೈಮಾ ನಗರದ ಬಳಿಯಿದ್ದ ಹಳೆಯ ಬಂದರು. ಗೋವೆಯಲ್ಲಿ ಕುಳಿತ ಒಬ್ಬ ಗುಮಾಸ್ತನ ಕಾಗದಗಳಲ್ಲಿ ಹೊನ್ನಾವರದ ಮೆಣಸೂ ಜುಲ್ಫಾರದ ಮುತ್ತೂ ಒಟ್ಟಿಗೆ ಸೇರಿದ್ದವು.

ಯುರೋಪಿಗೆ ತೆರಳಿದ ಆರ್ಚ್‌ಬಿಷಪ್ಪರು ಹಾದಿಯಲ್ಲೇ ತೀರಿಕೊಂಡ ಮೇಲೆ ಲಿನ್ಸ್‌ಖೋಟನ್‌ಗೆ ಗೋವೆಯಲ್ಲಿ ಆಸರೆ ಉಳಿಯಲಿಲ್ಲ. 1589ರ ಜನವರಿಯಲ್ಲಿ ಕೊಚ್ಚಿಯಿಂದ ಮೆಣಸು ಹೇರಿದ ಹಡಗಿನಲ್ಲಿ ಹೊರಟನು. ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಬಳಿ ಮಲಾಕ್ಕಾದಿಂದ ಬಂದ ಇನ್ನೊಂದು ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಅದರ ಸರಕನ್ನು ಮೇಲೆತ್ತಿಸುವ ಹೊಣೆ ಹೊತ್ತು ಆತ ಸುಮಾರು ಎರಡು ವರ್ಷ ಅಲ್ಲಿಯೇ ಉಳಿದನು. ಎಂಕ್‌ಹೈಜನ್‌ಗೆ ಮರಳಿದ್ದು 1592ರಲ್ಲಿ.

ಆಗ ಡಚ್ಚರ ಸ್ಥಿತಿ ಕಠಿಣವಾಗಿತ್ತು. ಅವರು ದಂಗೆಯೆದ್ದಿದ್ದುದು ಸ್ಪೇನಿನ ಅರಸ ಎರಡನೆಯ ಫಿಲಿಪ್‌ನ ವಿರುದ್ಧ. ಆತ 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನವನ್ನೂ ಪಡೆದಿದ್ದರಿಂದ ಲಿಸ್ಬನ್‌ನ ಸಂಬಾರ ಪೇಟೆ ಅವರಿಗೆ ನಂಬಲರ್ಹವಾಗಿರಲಿಲ್ಲ. ಆಫ್ರಿಕಾವನ್ನು ಸುತ್ತುವ ದಾರಿಯಲ್ಲಿ ಪೋರ್ಚುಗೀಸರ ಕಾವಲಿತ್ತು. ಉತ್ತರದ ಕಡಲಿನಲ್ಲಿ ಪೂರ್ವಕ್ಕೆ ಸಾಗಿದರೆ ಶತ್ರುವಿನ ಭಯವಿಲ್ಲದೆ ಚೀನಾವನ್ನು ಸೇರಬಹುದೆಂಬ ಆಸೆ ಮೂಡಿದ್ದು ಹೀಗೆ.

1594ರ ಜೂನ್‌ನಲ್ಲಿ ಹೊರಟ ಯಾತ್ರೆಯಲ್ಲಿ ಲಿನ್ಸ್‌ಖೋಟನ್ ವರ್ತಕರ ಪ್ರತಿನಿಧಿಯಾಗಿದ್ದನು. ಆಮ್‌ಸ್ಟರ್‌ಡ್ಯಾಮ್‌ನ ಹಡಗಿನ ನಾಯಕ ವಿಲ್ಲೆಮ್ ಬರೆಂಟ್ಸ್ ನೊವಾಯಾ ಜೆಮ್ಲ್ಯಾ ದ್ವೀಪದ ಉತ್ತರ ತುದಿಯತ್ತ ಸಾಗಿ, ಹಿಮ ಅಡ್ಡಗಟ್ಟಿದ್ದರಿಂದ ಹಿಂತಿರುಗಿದನು. ಲಿನ್ಸ್‌ಖೋಟನ್ ಇದ್ದ ತಂಡ ದಕ್ಷಿಣದ ವೈಗಾಚ್ ದ್ವೀಪದ ಬಳಿಯ ಜಲಸಂಧಿಯನ್ನು ದಾಟಿ ಕಾರಾ ಸಮುದ್ರವನ್ನು ಪ್ರವೇಶಿಸಿತು. ಹಿಮಸಾರಂಗಗಳ ಬಂಡಿಗಳಲ್ಲಿ ಓಡಾಡುವ ನೆನೆತ್ಸ್ ಜನರನ್ನೂ ಕಡಲತೀರದ ಭೂಶಿರವೊಂದರಲ್ಲಿ ಅವರು ನಿಲ್ಲಿಸಿದ್ದ ಮರದ ದೇವರುಗಳನ್ನೂ ಆತ ವರ್ಣಿಸಿದ್ದಾನೆ. ಎದುರಿಗೆ ತೆರೆದ ನೀಲಿ ನೀರು ಕಂಡಿತು. ಚೀನಾದ ದಾರಿ ಸಿಕ್ಕಿತೆಂದೇ ತಂಡ ಹರ್ಷದಿಂದ ಮರಳಿತು.

ಆ ಭರವಸೆಯ ವರದಿಯನ್ನು ನಂಬಿ 1595ರಲ್ಲಿ ಏಳು ಹಡಗುಗಳ ಪಡೆ ಸರಕು ತುಂಬಿಕೊಂಡು ಹೊರಟಿತು. ಹಿಂದಿನ ವರ್ಷ ತೆರೆದಿದ್ದ ಜಲಸಂಧಿ ಈಗ ಹಿಮದಿಂದ ಮುಚ್ಚಿತ್ತು. ಸೆಪ್ಟೆಂಬರ್‌ನಲ್ಲಿ ಇಬ್ಬರು ನಾವಿಕರು ಹಿಮಕರಡಿಗೆ ಬಲಿಯಾದರು. ಪಡೆ ಬರಿಗೈಯಲ್ಲಿ ಹಿಂತಿರುಗಿತು. ಕೆಲವೇ ದಿನ ಕಂಡ ನೀರನ್ನು ನಂಬಿ ಇಡೀ ದಾರಿಯನ್ನು ಊಹಿಸಿದ್ದರ ಬೆಲೆ ಇದು. 1596ರ ಮೂರನೆಯ ಯಾತ್ರೆಯಲ್ಲಿ ಲಿನ್ಸ್‌ಖೋಟನ್ ಇರಲಿಲ್ಲ. ಅದರಲ್ಲಿ ಹೋದ ಬರೆಂಟ್ಸ್ ನೊವಾಯಾ ಜೆಮ್ಲ್ಯಾದಲ್ಲಿ ಚಳಿಗಾಲ ಕಳೆದು, 1597ರ ಜೂನ್‌ನಲ್ಲಿ ಮರಳುವ ದಾರಿಯಲ್ಲಿ ಮಡಿದನು. ಆ ದಾರಿಯನ್ನು ಮೊದಲ ಬಾರಿಗೆ ಪೂರ್ತಿ ಕ್ರಮಿಸಿದ್ದು ನಾರ್ಡನ್‌ಶೋಲ್ಡ್‌ನ ಹಡಗು, 1878-79ರಲ್ಲಿ.

ಹಿಮ ಮುಚ್ಚಿದ ದಾರಿಯನ್ನು ಪುಸ್ತಕ ತೆರೆಯಿತು. ಲಿನ್ಸ್‌ಖೋಟನ್‌ನ ಕಡಲದಾರಿಯ ಕೈಪಿಡಿ 1595ರಲ್ಲಿಯೂ ‘ಇಟಿನೆರಾರಿಯೋ’ ಎಂಬ ಪ್ರವಾಸಕಥನ 1596ರಲ್ಲಿಯೂ ಪ್ರಕಟವಾದವು. 1598ರಲ್ಲಿ ಅವು ಇಂಗ್ಲಿಷಿಗೂ ಬಂದವು. ಪೋರ್ಚುಗೀಸರ ಗುಟ್ಟು ಎಲ್ಲರ ಸೊತ್ತಾಯಿತು. 1600ರಲ್ಲಿ ಇಂಗ್ಲಿಷರ, 1602ರಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿಗಳು ಹುಟ್ಟಿದವು. 1622ರಲ್ಲಿ ಹೋರ್ಮುಜ್, 1663ರಲ್ಲಿ ಕೊಚ್ಚಿ ಪೋರ್ಚುಗೀಸರ ಕೈತಪ್ಪಿದವು. ಡಚ್ಚರು ಬಸರೂರಿನಲ್ಲಿಯೂ ವ್ಯಾಪಾರಕ್ಕೆ ನಿಂತರು. ಲಿನ್ಸ್‌ಖೋಟನ್ ಮಾತ್ರ ತನ್ನ ಊರಿನ ಖಜಾಂಚಿಯಾಗಿದ್ದುಕೊಂಡು, 1601ರಲ್ಲಿ ಉತ್ತರದ ಯಾತ್ರೆಗಳ ಕಥನವನ್ನೂ ಪ್ರಕಟಿಸಿ, 1611ರಲ್ಲಿ ತೀರಿಕೊಂಡನು.

ಆತನ ಬದುಕಿನಿಂದ ನಾವು ಗ್ರಹಿಸಬೇಕಾದುದು ಇಷ್ಟೇ. ಹೊನ್ನಾವರದ ಮೆಣಸನ್ನು ಬೆಳೆದವರು, ತೂಗಿದವರು, ಹಡಗಿಗೆ ಹೊತ್ತವರು ನಮ್ಮವರು. ಜುಲ್ಫಾರದಲ್ಲಿ ಮುತ್ತಿಗಾಗಿ ಮುಳುಗಿದವರು ಈ ನೆಲದವರು. ಆದರೂ ಅವರ ದುಡಿಮೆಯ ಲೆಕ್ಕವನ್ನು ಇಂದು ನಾವು ಹುಡುಕುವುದು ದೂರದೇಶದ ಗುಮಾಸ್ತನೊಬ್ಬನ ಪುಸ್ತಕದಲ್ಲಿ. ತಿಳಿವಳಿಕೆ ಅವರದು, ಬರಹ ಆತನದು. ಆ ಬರಹದ ಲಾಭ ಪಡೆದದ್ದು ಕಂಪನಿಗಳು.

ಮುಂಬಯಿಯಿಂದ ‘ದ್ವಾರಕಾ’, ‘ದುಮ್ರಾ’ ಹಡಗುಗಳಲ್ಲಿ ಈ ಕೊಲ್ಲಿಗೆ ಬಂದಿಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಟಿಕೇಟು, ಪತ್ರ, ಮೊದಲ ಸಂಬಳದ ಲೆಕ್ಕ, ನೆನಪಿನಲ್ಲುಳಿದ ಹೆಸರುಗಳು ಎಲ್ಲವೂ ಚರಿತ್ರೆಯ ಸಾಮಗ್ರಿಯೇ. ಸಂಘದ ಸದಸ್ಯರು ತಮ್ಮ ಮನೆಯ ಹಿರಿಯರಿಂದ ಕೇಳಿ, ಕನ್ನಡದಲ್ಲಿ ಬರೆದಿಡಲಿ. ನಾಲ್ಕು ನೂರು ವರ್ಷಗಳ ಬಳಿಕ ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ನಮ್ಮನ್ನು ಅನ್ಯರ ಪುಸ್ತಕದಲ್ಲಿ ಹುಡುಕುವಂತಾಗಬಾರದು.